ಗ್ರಾಫ್ ಲೆಕ್ಕವನ್ನು ಭಾಷಾ ಮಾದರಿಯ ಕೈಯಿಂದ ಬಿಡಿಸಿದ್ದು

ನಿಲ್ದಾಣಗಳ ಜಾಲವೊಂದನ್ನು (ಗಣಿತದಲ್ಲಿ ಇದನ್ನೇ ಗ್ರಾಫ್ ಎನ್ನುತ್ತಾರೆ) ಕೊಟ್ಟು ಅತಿ ಕಡಿಮೆ ದೂರದ ದಾರಿ ಕೇಳಿದರೆ, ಚಾಟ್‌ಜಿಪಿಟಿಯಂಥ ಭಾಷಾ ಮಾದರಿ ಇಲ್ಲದ ಕೊಂಡಿಯನ್ನೇ ಹುಟ್ಟಿಸುತ್ತಿತ್ತು. 7ನೇ ನಿಲ್ದಾಣದಿಂದ 12ನೆಯದಕ್ಕೆ ನೇರ ಸಂಪರ್ಕವೇ ಇರಲಿಲ್ಲ; ಅದರ ಉತ್ತರದಲ್ಲಿ ಮಾತ್ರ ಇತ್ತು. ‘ಹಂತ ಹಂತವಾಗಿ ಯೋಚಿಸು’ ಎಂದರೂ, ಜಾಲ ದೊಡ್ಡದಾದರೆ ಅದೇ ಪಾಡು. ಮುಂದಿನ ಪದವನ್ನು ಊಹಿಸುವ ಯಂತ್ರದಿಂದ ಇಂಥ ಲೆಕ್ಕವನ್ನು ಬಾಯಲ್ಲೇ ಮಾಡಿಸುವುದು ನನಗೆ ಒಪ್ಪಿಗೆಯಿಲ್ಲ. ಅದಕ್ಕೆ ಗಣಕ ವಿಜ್ಞಾನಿ ಡೈಕ್‌ಸ್ಟ್ರಾ 1959ರಲ್ಲೇ ಪ್ರಕಟಿಸಿದ ಕ್ರಮವಿದೆ (ಅಲ್ಗಾರಿದಂ).

ಹಾಗಾಗಿ ಕೆಲಸ ಹಂಚಿದೆ. ಪ್ರಶ್ನೆ ಓದಿ ಕೊಂಡಿಗಳ ಪಟ್ಟಿ ಬರೆಯುವುದು, ಯಾವ ಕ್ರಮ ಬೇಕೆಂದು ಹೇಳುವುದು ಮಾದರಿಯ ಪಾಲು. ಲೆಕ್ಕವೆಲ್ಲ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ನೆಟ್‌ವರ್ಕ್‌ಎಕ್ಸ್ ಎಂಬ ಗ್ರಾಫ್ ಲೈಬ್ರರಿಯದು.

ಆದರೂ ಕೆಲವು ಉತ್ತರಗಳು ತಪ್ಪುತ್ತಿದ್ದವು. ತೂಕ (ಪ್ರತಿ ಕೊಂಡಿಗೆ ಕೊಟ್ಟ ಅಳತೆ, ಇಲ್ಲಿ ದೂರ) ಯಾವುದೆಂದು ಹೇಳದಿದ್ದರೆ ನೆಟ್‌ವರ್ಕ್‌ಎಕ್ಸ್‌ನ shortest_path ಕೊಂಡಿಗಳನ್ನಷ್ಟೇ ಎಣಿಸುತ್ತದೆ, ಕಿಲೋಮೀಟರ್ ನೋಡುವುದಿಲ್ಲ. ನೆಟ್‌ವರ್ಕ್‌ಎಕ್ಸ್ ಅನ್ನು ಹೇಗೆ ಬಳಸಬೇಕೆಂದು ಮಾದರಿಗೆ ಕೊಡುವ ವಿವರಣೆಯಲ್ಲೇ ತೂಕವನ್ನು ಕಡ್ಡಾಯ ಮಾಡಿದೆ. ಇನ್ನೊಂದು ತೊಡಕು: 7 ಎಂಬ ಅಂಕಿ, ಉದ್ಧರಣ ಚಿಹ್ನೆಯೊಳಗಿನ "7" ಎರಡೂ ನೆಟ್‌ವರ್ಕ್‌ಎಕ್ಸ್‌ಗೆ ಬೇರೆ ಬೇರೆ ಶೃಂಗಗಳು, ಅಂದರೆ ಬೇರೆ ಬೇರೆ ನಿಲ್ದಾಣಗಳು. ಎಲ್ಲ ಹೆಸರುಗಳನ್ನೂ ಪಠ್ಯವಾಗಿಸಿದ ಮೇಲೆ ಅದು ನಿಂತಿತು.

ಮಾದರಿ ಬರೆದ ಪಟ್ಟಿಯಲ್ಲಿ ಮೂಲದಲ್ಲಿರುವಷ್ಟೇ ಕೊಂಡಿಗಳಿವೆಯೇ ಎಂದು ಪುಟ್ಟ ಪ್ರೋಗ್ರಾಂ ಒಂದು ತಾಳೆ ನೋಡುತ್ತದೆ. ಹೊಂದದಿದ್ದರೆ ಮತ್ತೆ ಬರೆಸುತ್ತದೆ. ಈಗ ಕಾಣುವ ತಪ್ಪುಗಳೆಲ್ಲ ಪ್ರಶ್ನೆ ಓದುವ ಹಂತದವೇ, ಲೆಕ್ಕದವಲ್ಲ.