ಚೌಕ ಮಾತೃಕೆಯನ್ನು ಇದ್ದ ಜಾಗದಲ್ಲೇ ತಿರುಗಿಸುವುದು ಹೇಗೆ?

ಚೌಕಾಕಾರದ ಚಿತ್ರವೊಂದನ್ನು 90 ಡಿಗ್ರಿ ಬಲಕ್ಕೆ ತಿರುಗಿಸಿದಾಗ ಕಂಪ್ಯೂಟರಿನೊಳಗೆ ಜಾಗ ಬದಲಿಸುವುದು ಒಂದು ಮಾತೃಕೆಯ (ಮ್ಯಾಟ್ರಿಕ್ಸ್, ಅಂದರೆ ಅಡ್ಡಸಾಲು-ಕಂಬಸಾಲುಗಳಲ್ಲಿ ಜೋಡಿಸಿದ ಸಂಖ್ಯೆಗಳ ಕೋಷ್ಟಕ) ಸಂಖ್ಯೆಗಳು. ಖಾಲಿ ಮಾತೃಕೆಯೊಂದನ್ನು ಪಕ್ಕದಲ್ಲಿಟ್ಟುಕೊಂಡು ನಕಲು ಮಾಡುತ್ತ ಹೋಗುವುದು ಸುಲಭವೇ. ಆದರೆ ಬಿಂದುವೊಂದಕ್ಕೆ 4 ಬೈಟ್‌ನಂತೆ 4,000 × 4,000 ಬಿಂದುಗಳ ಚಿತ್ರ 6.4 ಕೋಟಿ ಬೈಟ್ ಮೆಮೊರಿಯನ್ನು ಹಿಡಿಯುವುದರಿಂದ, ನಕಲಿಗೆ ಮತ್ತೆ ಅಷ್ಟೇ ಜಾಗ ಬೇಕಾಗುತ್ತದೆ. ಆ ಹೆಚ್ಚುವರಿ ಜಾಗವಿಲ್ಲದೆ ಕೆಲಸ ಮುಗಿಸಲು ಎರಡು ಹಂತಗಳು ಸಾಕು.

ಈ ಮಾತೃಕೆಯನ್ನು ತೆಗೆದುಕೊಳ್ಳೋಣ:

1 2 3
4 5 6
7 8 9

ಮೊದಲ ಹಂತ ಟ್ರಾನ್ಸ್‌ಪೋಸ್, ಅಂದರೆ ಅಡ್ಡಸಾಲುಗಳನ್ನು ಕಂಬಸಾಲುಗಳಾಗಿಸುವುದು. ಪೈಥಾನ್ 3 ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಚರಗಳಿಗೆ (ಮೌಲ್ಯವನ್ನು ಹಿಡಿದಿಡುವ ಹೆಸರುಗಳಿಗೆ) ಕನ್ನಡದ ಹೆಸರನ್ನೇ ಇಡಬಹುದಾದ್ದರಿಂದ, ಮಾತೃಕೆಗೆ ‘ಮಾ’, ಅಡ್ಡಸಾಲಿನ ಕ್ರಮಸಂಖ್ಯೆಗೆ ‘ಸಾ’, ಕಂಬಸಾಲಿನದಕ್ಕೆ ‘ಕಂ’ ಎಂದಿಟ್ಟುಕೊಂಡರೆ ಮುಖ್ಯ ಸಾಲು ಹೀಗಿರುತ್ತದೆ:

ಮಾ[ಸಾ][ಕಂ], ಮಾ[ಕಂ][ಸಾ] = ಮಾ[ಕಂ][ಸಾ], ಮಾ[ಸಾ][ಕಂ]

ಈ ಸಾಲನ್ನು ಮತ್ತೆ ಮತ್ತೆ ನಡೆಸಲು ಒಂದರೊಳಗೊಂದು ಎರಡು ಲೂಪುಗಳು (ಪುನರಾವರ್ತನೆಗಳು) ಬೇಕು. ಹೊರಗಿನ ಲೂಪಿನಲ್ಲಿ ‘ಸಾ’ ಸೊನ್ನೆಯಿಂದ ಹೊರಡುತ್ತದೆ. ಒಳಗಿನ ಲೂಪಿನಲ್ಲಿ ‘ಕಂ’ ಮಾತ್ರ ಸಾ + 1ರಿಂದಲೇ ಹೊರಡಬೇಕು. ಅದನ್ನೂ ಸೊನ್ನೆಯಿಂದ ಹೊರಡಿಸಿದರೆ 2 ಮತ್ತು 4 ಒಮ್ಮೆ ಅದಲುಬದಲಾಗಿ, ಎರಡನೆಯ ಅಡ್ಡಸಾಲಿನ ಸರದಿ ಬಂದಾಗ ಮತ್ತೆ ಹಿಂದಿನ ಜಾಗಕ್ಕೇ ಮರಳುತ್ತವೆ. ಎಲ್ಲ ಜೋಡಿಗಳ ಗತಿಯೂ ಇದೇ ಆಗುವುದರಿಂದ, ಪ್ರೋಗ್ರಾಂ ಯಾವ ದೋಷವನ್ನೂ ತೋರಿಸದೆ ಓಡಿ, ಟ್ರಾನ್ಸ್‌ಪೋಸ್ ಆಗದ ಮೂಲ ಮಾತೃಕೆಯನ್ನೇ ಮುಂದಿನ ಹಂತಕ್ಕೆ ಕೊಡುತ್ತದೆ. ಸರಿಯಾಗಿ ನಡೆದಾಗ ಸಿಗುವುದು:

1 4 7
2 5 8
3 6 9

ಎರಡನೆಯ ಹಂತದಲ್ಲಿ ಪ್ರತಿ ಅಡ್ಡಸಾಲನ್ನು ಹಿಂದುಮುಂದು ಮಾಡಿದರೆ ಆಯಿತು:

7 4 1
8 5 2
9 6 3

ಎಡಕ್ಕೆ ತಿರುಗಿಸಬೇಕಿದ್ದರೆ ಟ್ರಾನ್ಸ್‌ಪೋಸ್ ಆದ ಮೇಲೆ ಅಡ್ಡಸಾಲುಗಳ ಬದಲು ಕಂಬಸಾಲುಗಳನ್ನು ತಲೆಕೆಳಗು ಮಾಡಬೇಕು. ಇಲ್ಲಿ ಪ್ರತಿ ಅಡ್ಡಸಾಲೂ ಪೈಥಾನ್‌ನ ಒಂದು ಪಟ್ಟಿ (ಲಿಸ್ಟ್); ಅದನ್ನು ಹಿಂದುಮುಂದು ಮಾಡಲು ಪಟ್ಟಿಯದೇ ಆದ ರಿವರ್ಸ್ (reverse) ವಿಧಾನವನ್ನು ಬಳಸುವುದು ಒಳ್ಳೆಯದು. [::-1] ಎಂದು ಬರೆದರೆ ಮೊದಲು ಹೊಸದೊಂದು ಪಟ್ಟಿ ಹುಟ್ಟುತ್ತದೆ, ನಾವು ಉಳಿಸಹೊರಟ ಮೆಮೊರಿ ಅಷ್ಟರಮಟ್ಟಿಗೆ ಖರ್ಚಾಗುತ್ತದೆ.

ಇನ್ನೊಂದು ವಿಧಾನವೂ ಉಂಟು. ಹೊರಗಿನ ಸುತ್ತಿನಿಂದ ಆರಂಭಿಸಿ, ಒಂದೇ ಒಂದು ತಾತ್ಕಾಲಿಕ ಚರದ ನೆರವಿನಿಂದ ನಾಲ್ಕು ನಾಲ್ಕು ಸಂಖ್ಯೆಗಳನ್ನು ಒಟ್ಟಿಗೆ ಸರಿಸುತ್ತ ಒಳಕ್ಕೆ ಹೋಗುವುದು. ‘ನ’ ಸಾಲುಗಳ ಮಾತೃಕೆಯಲ್ಲಿ [ಸಾ][ಕಂ] ಸ್ಥಾನದ ಸಂಖ್ಯೆ [ಕಂ][ನ - 1 - ಸಾ] ಸ್ಥಾನಕ್ಕೆ ಹೋಗುತ್ತದೆ ಎಂಬುದೇ ಇದರ ಸೂತ್ರ. 5 × 5 ಮಾತೃಕೆಯಲ್ಲಿ ನಡುವಿನದು ಕದಲದೆ, ಉಳಿದ 24 ಸಂಖ್ಯೆಗಳು 6 ಗುಂಪುಗಳಾಗಿ ಸುತ್ತುತ್ತವೆ. ಇಲ್ಲಿ ಪ್ರತಿ ಸಂಖ್ಯೆಯೂ ನೇರವಾಗಿ ತನ್ನ ಕೊನೆಯ ಸ್ಥಾನವನ್ನೇ ಸೇರುತ್ತದೆ ಎಂಬುದು ನಿಜವಾದರೂ, ಕ್ರಮಸಂಖ್ಯೆಗಳ ಲೆಕ್ಕದಲ್ಲಿ ಎಡವುವ ಸಾಧ್ಯತೆ ಹೆಚ್ಚು. ಓದುವವರಿಗೂ ಎರಡು ಹಂತದ ವಿಧಾನವೇ ಬೇಗ ಅರ್ಥವಾಗುತ್ತದೆ.

ನಾಲ್ಕು ಬಾರಿ ತಿರುಗಿಸಿದಾಗ ಮೂಲ ಮಾತೃಕೆ ಮರಳಿ ಬಂದರೆ ಪ್ರೋಗ್ರಾಂ ಸರಿಯಿದೆ ಎಂದು ನಂಬುವಂತಿಲ್ಲ, ಏಕೆಂದರೆ ಏನನ್ನೂ ಮಾಡದ ಪ್ರೋಗ್ರಾಂ ಕೂಡ ಆ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಒಮ್ಮೆ ಮಾತ್ರ ತಿರುಗಿಸಿ, ಎಡಗಡೆಯ ಕೆಳಮೂಲೆಯಲ್ಲಿದ್ದ 7 ಎಡಗಡೆಯ ಮೇಲ್ಮೂಲೆಗೆ ಬಂದಿದೆಯೇ ಎಂದು ನೋಡಬೇಕು. ಬಳಿಕ 1 × 1 ಮತ್ತು 4 × 4 ಮಾತೃಕೆಗಳನ್ನೂ ಕೊಟ್ಟು ಪರೀಕ್ಷಿಸಬೇಕು.