ಒಯ್ದ ಮಾತು, ತಂದ ಮಾತು

ನಮ್ಮ ಚರ್ಚಿನ (ನಾವು ಸಭೆ ಅನ್ನುತ್ತೇವೆ) ವಾರ್ಷಿಕ ಮೀಟಿಂಗ್‌ನಲ್ಲಿ ನನ್ನ ಹೆಸರು ಬಂದಾಗ ನಾನು ಜಾಸ್ತಿ ಯೋಚಿಸದೆ ಒಪ್ಪಿಕೊಂಡೆ. ನಮ್ಮ ಎಲ್ಲ ಸಭೆಗಳ ಪ್ರತಿನಿಧಿಗಳು ಸೇರುವ ರಾಷ್ಟ್ರೀಯ ಮಹಾಸಭೆಗೆ ಪ್ರತಿನಿಧಿ ಅಂದರೆ ನಾಲ್ಕು ದಿನ ಕೂತು ಕೇಳಿ, ಕೈ ಎತ್ತಿ ಬರುವುದು ಅಂದುಕೊಂಡಿದ್ದೆ. ಆರು ವಾರ ಮೊದಲು ಕಾಗದಪತ್ರ ಬಂತು. ಇನ್ನೂರು ಪುಟಕ್ಕೂ ಹೆಚ್ಚು. ಆಗ ಗೊತ್ತಾಯಿತು, ಕೆಲಸ ಮನೆಯಲ್ಲೇ ಶುರು ಅಂತ.

ಮೊದಲ ಪುಟದಿಂದ ಕೊನೆಯವರೆಗೆ ಓದಲು ಹೋಗಬೇಡಿ. ನಾನು ಮೊದಲು ಠರಾವುಗಳನ್ನಷ್ಟೇ ಓದಿದೆ, ಮತ ಬೀಳುವುದು ಅವುಗಳ ಮೇಲೆ ತಾನೇ. ಆಮೇಲೆ ಒಂದೊಂದು ಠರಾವಿನ ಹಿಂದಿರುವ ವರದಿ ಹುಡುಕಿದೆ. ಬಜೆಟ್ಟನ್ನು ಹಿಂದಿನ ಬಜೆಟ್ಟಿನ ಪಕ್ಕ ಇಟ್ಟುಕೊಂಡು, ಅಂಕಿ ತುಂಬಾ ಬದಲಾದ ಕಡೆ ಪೆನ್ಸಿಲ್‌ನಲ್ಲಿ ಗುರುತು ಹಾಕಿದೆ.

ಒಂದು ಠರಾವು ನಮಗೇ ತಟ್ಟುವಂಥದ್ದು. ಎರಡು ಮೂರು ಚಿಕ್ಕ ಸಭೆಗಳನ್ನು ಸೇರಿಸಿ ಒಬ್ಬರೇ ಸಭಾಪಾಲಕರನ್ನು (ಪಾಸ್ಟರ್) ಕೊಡುವುದು. ಭಾನುವಾರ ಆರಾಧನೆ ಮುಗಿದ ಮೇಲೆ ಅದನ್ನು ಜನರ ಮುಂದೆ ಓದಿದೆ. ಬಹಳ ಮಂದಿ 'ಬೇಡ' ಅಂದರು. ಎಲ್ಲರಿಗಿಂತ ಹಿರಿಯರಾದ ಒಬ್ಬ ತಾಯಿ ಮಾತ್ರ ಸ್ವಲ್ಪ ತಡೆದು ಹೇಳಿದರು: "ನಮಗೆ ಬೇಡ ಅಂತ ಹೇಳಪ್ಪ. ಆದ್ರೆ ಬೇರೆಯವರು ಏನಂತಾರೆ, ಅದನ್ನೂ ಕೇಳ್ಕೊಂಡು ಬಾ." ಎರಡೂ ಮಾತನ್ನು ನೋಟ್‌ಬುಕ್‌ನಲ್ಲಿ ಬರೆದುಕೊಂಡೆ.

ನಮ್ಮ ನಿಯಮಾವಳಿಯ ಪ್ರಕಾರ ಪ್ರತಿನಿಧಿ ಹೇಳಿ ಕಳಿಸಿದ ಹಾಗೇ ಮತ ಹಾಕಬೇಕಾಗಿಲ್ಲ. ಕೇಳಿ, ಪ್ರಾರ್ಥಿಸಿ, ತನ್ನ ಮನಸ್ಸಾಕ್ಷಿಯಂತೆ ನಿರ್ಧರಿಸಬೇಕು. ಎಷ್ಟೋ ಸಭೆಗಳಲ್ಲಿ ಹೀಗೆಯೇ. ಓದುವಾಗ ಇದು ಸುಲಭ ಅನಿಸಿತ್ತು.

ಮೊದಲ ದಿನ ಹೊಸಬರಿಗೆ ಸಭಾ ನಿಯಮಗಳ ಪಾಠ ಇತ್ತು. ದಯವಿಟ್ಟು ಇದನ್ನು ತಪ್ಪಿಸಬೇಡಿ. ಅಮೆರಿಕದ ಸೇನೆಯ ಎಂಜಿನಿಯರ್ ಹೆನ್ರಿ ರಾಬರ್ಟ್ 1863ರಲ್ಲಿ ಒಂದು ಚರ್ಚ್ ಮೀಟಿಂಗಿನ ಅಧ್ಯಕ್ಷತೆ ವಹಿಸಿ, ಅದನ್ನು ನಡೆಸಲಾಗದೆ ಕಂಗೆಟ್ಟಿದ್ದರಂತೆ. ಆ ಸಂಕಟದಿಂದಲೇ ಅವರು ಬರೆದ ನಿಯಮಗಳ ಪುಸ್ತಕ 1876ರಲ್ಲಿ ಬಂತು. ಇವತ್ತಿಗೂ ಎಷ್ಟೋ ಸಭೆಗಳು ಅದನ್ನೇ ನೆಚ್ಚಿಕೊಂಡಿವೆ. ನನಗೆ ಉಪಯೋಗಕ್ಕೆ ಬಂದದ್ದು ಒಂದೇ ನಿಯಮ: ತಿದ್ದುಪಡಿ ಇದ್ದರೆ ಮೊದಲು ಅದಕ್ಕೆ ಮತ, ಆಮೇಲೆ ಮೂಲ ಠರಾವಿಗೆ.

ಚರ್ಚೆಗೆ ನಮ್ಮಲ್ಲಿ ಎರಡು ಬಣ್ಣದ ಕಾರ್ಡು ಕೊಡುತ್ತಾರೆ. ಕೇಳುತ್ತಿರುವ ಮಾತು ಹಿಡಿಸಿದರೆ ಕಿತ್ತಳೆ, ಹಿಡಿಸದಿದ್ದರೆ ನೀಲಿ. ಎದೆಯ ಹತ್ತಿರ ಸುಮ್ನೆ ಹಿಡಿದರೆ ಸಾಕು, ಅಧ್ಯಕ್ಷರಿಗೆ ಕಾಣುತ್ತದೆ. ಆಸ್ಟ್ರೇಲಿಯಾದ ಯುನೈಟಿಂಗ್ ಚರ್ಚ್‌ನಲ್ಲಿ ಈ ಪದ್ಧತಿ ಇದೆ. 2006ರಲ್ಲಿ ಬ್ರೆಜಿಲ್‌ನ ಪೋರ್ಟೊ ಅಲೆಗ್ರೆಯಲ್ಲಿ ಸೇರಿದ ಜಾಗತಿಕ ಸಭೆಗಳ ಒಕ್ಕೂಟದ ಮಹಾಸಭೆಯೂ ಹೀಗೆ ಒಮ್ಮತದಿಂದ ತೀರ್ಮಾನ ಮಾಡಿತು. ಚಪ್ಪಾಳೆಗಿಂತ ಇದು ನನಗೆ ಬಹಳ ಇಷ್ಟವಾಯಿತು. ಜೋರಾಗಿ ಮಾತಾಡಲು ಬಾರದವರೂ ತಮ್ಮ ಅಭಿಪ್ರಾಯ ತೋರಿಸಬಹುದು.

ಮೂರನೇ ದಿನ ನಮ್ಮ ಠರಾವು ಬಂತು. ಮೈಕ್ ಮುಂದೆ ಒಬ್ಬರಿಗೆ ಮೂರೇ ನಿಮಿಷ. ನಾನು ರಾತ್ರಿ ಗಡಿಯಾರ ಇಟ್ಟುಕೊಂಡು ಓದಿ ನೋಡಿದ್ದೆ, ಅದಕ್ಕೇ 'ಬೇಡ' ಅನ್ನುವ ನನ್ನ ಮಾತು ಸಮಯಕ್ಕೆ ಮುಗಿಯಿತು. ಬಂದು ಕೂತೆ. ನನ್ನ ಮೇಜಿನಲ್ಲಿ ಎರಡು ದಿನ ಹೆಚ್ಚು ಮಾತಾಡದೆ ಕೂತಿದ್ದ ಅಕ್ಕ ಒಬ್ಬರು ಎದ್ದು ಹೋದರು. ಅವರ ಕೈಯಲ್ಲಿ ಕಾಗದ ಇರಲಿಲ್ಲ. ತಮ್ಮ ಸಭೆಗೆ ಎರಡು ವರ್ಷದಿಂದ ಪಾಲಕರಿಲ್ಲ ಅಂದರು. ಕಳೆದ ವರ್ಷ ಕರ್ತನ ಭೋಜನ, ಅಂದರೆ ರೊಟ್ಟಿ-ದ್ರಾಕ್ಷಾರಸದ ಸಂಸ್ಕಾರ, ಸಿಕ್ಕಿದ್ದು ಎರಡೇ ಸಲ. ತಂದೆಯ ಶವಸಂಸ್ಕಾರದಲ್ಲಿ ತಾವೇ ಪ್ರಾರ್ಥನೆ ಓದಬೇಕಾಯಿತು ಅಂದರು. "ಪೂರ್ತಿ ಪಾಲಕರು ಬೇಡ. ಅರ್ಧ ಸಿಕ್ಕಿದರೂ ನಮಗೆ ಸಾಕು" ಅಂದು ಬಂದು ಕೂತರು. ಸಮಯ ಇನ್ನೂ ಉಳಿದಿತ್ತು. ನನ್ನ ಕೈಯಲ್ಲಿ ನೀಲಿ ಕಾರ್ಡು ಇತ್ತು. ಎತ್ತಲಾಗಲಿಲ್ಲ.

ಊಟದ ಹೊತ್ತಿಗೆ ನಾವು ನಾಲ್ವರು, ಆ ಅಕ್ಕನೂ ಸೇರಿ, ತಿದ್ದುಪಡಿ ಬರೆಯಲು ಕೂತೆವು. ಸೇರಿಸಿದ್ದು ಒಂದೇ ಸಾಲು: 'ಸಂಬಂಧಪಟ್ಟ ಪ್ರತಿ ಸಭೆಯ ಒಪ್ಪಿಗೆ ಪಡೆದ ನಂತರ'. ತಿದ್ದುಪಡಿ ಬರಹದಲ್ಲೇ ಇರಬೇಕು, ಸೂಚಕರ ಮತ್ತು ಅನುಮೋದಕರ ಸಹಿ ಇರಬೇಕು, ಹೇಳಿದ ಗಂಟೆಯೊಳಗೆ ಕಾರ್ಯದರ್ಶಿಯ ಮೇಜು ಸೇರಬೇಕು. ಹತ್ತು ನಿಮಿಷ ಮೊದಲು ಕೊಟ್ಟೆವು. ಅದು ಪಾಸಾಯಿತು. ನಂತರ ಮೂಲ ಠರಾವಿಗೆ ನಾನು 'ಹೌದು' ಅಂತ ಮತ ಹಾಕಿದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಕಳಿಸಿದವರ ಮುಖ ನೋಡಬೇಕಲ್ವಾ? ಬೈಬಲಿನಲ್ಲಿ ಅಪೊಸ್ತಲರ ಕೃತ್ಯಗಳು ಪುಸ್ತಕದ 15ನೇ ಅಧ್ಯಾಯ ತೆಗೆದೆ. ಅಂತಿಯೋಕ್ಯದ ಸಭೆಯವರು ಪೌಲ, ಬಾರ್ನಬರನ್ನು ಯೆರೂಸಲೇಮಿಗೆ ಕಳಿಸಿದ ಕಥೆ. ಅನ್ಯಜನರಿಂದ, ಅಂದರೆ ಯೆಹೂದ್ಯರಲ್ಲದವರಿಂದ ಬಂದ ವಿಶ್ವಾಸಿಗಳಿಗೆ ಸುನ್ನತಿ ಬೇಕೇ ಅನ್ನುವ ದೊಡ್ಡ ಜಗಳ. ಅದೆಷ್ಟೋ ಸಲ ಓದಿದ್ದರೂ ಒಂದು ವಿಷಯ ಗಮನಿಸಿರಲಿಲ್ಲ. ತೀರ್ಮಾನವನ್ನು ಪತ್ರದಲ್ಲಿ ಬರೆದರು ಸರಿ. ಆದರೆ ಪತ್ರವೊಂದನ್ನೇ ಕಳಿಸಲಿಲ್ಲ. ಅದನ್ನೇ ಬಾಯಿಮಾತಿನಲ್ಲೂ ತಿಳಿಸಲಿ ಅಂತ ಯೂದ, ಸೀಲ ಇಬ್ಬರನ್ನು ಜೊತೆಗೆ ಕಳಿಸಿದರು.

ವಾಪಸ್ ಬಂದ ಮೊದಲ ಭಾನುವಾರವೇ ವರದಿ ಒಪ್ಪಿಸಿದೆ. ತಡ ಮಾಡಿದರೆ ಸುದ್ದಿ ಬೇರೆ ದಾರಿಯಲ್ಲಿ ಬಂದು ಮುಟ್ಟುತ್ತದೆ. ಬಜೆಟ್ಟು, ಚುನಾವಣೆ ಎರಡು ನಿಮಿಷದಲ್ಲಿ ಮುಗಿಸಿ, ನೇರ ಆ ಠರಾವಿಗೆ ಬಂದೆ. 'ಬೇಡ' ಅಂತ ನಿಮ್ಮ ಮಾತು ಹೇಳಿದೆ, ಆಮೇಲೆ 'ಹೌದು' ಅಂತ ಮತ ಹಾಕಿದೆ ಅಂದೆ. ಆ ಅಕ್ಕನ ಮಾತನ್ನು ಬರೆದುಕೊಂಡಿದ್ದ ಹಾಗೇ ಓದಿದೆ. ಎರಡು ಮನೆಯವರಿಗೆ ಸಿಟ್ಟು ಬಂತು, ಮುಖದ ಮೇಲೇ ಹೇಳಿದರು. ನಾನು ಕೇಳಿಸಿಕೊಂಡೆ, ಅವರು ಸಿಟ್ಟಾಗಲು ಕಾರಣ ಇತ್ತು.

ಆ ಹಿರಿಯ ತಾಯಿ ಕೇಳಿದ್ದು ಒಂದೇ: "ಪಾಲಕರು ಓಡಾಡೋ ಖರ್ಚು ಯಾರು ಕೊಡ್ತಾರೆ?" ಠರಾವಿನಲ್ಲಿ ಅದು ಇರಲಿಲ್ಲ. ನಾಲ್ಕು ದಿನ ಅಲ್ಲಿ ಕೂತ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಮಾರನೇ ದಿನವೇ ಕಾರ್ಯದರ್ಶಿಗೆ ಪತ್ರ ಬರೆದೆ. ಪ್ರಶ್ನೆ ಕೇಳಿದ್ದು ಅವರು ಅಂತಲೂ ಪತ್ರದಲ್ಲಿ ಬರೆದೆ.