ಚಿಕ್ಕ ವಿಮಾನದ ಫ್ಯೂಯಲ್ ಪಂಪ್ ಸ್ವಿಚ್ ಹಾಕಿದ್ರೂ ಸದ್ದಿಲ್ವಾ? ಸ್ವಿಚ್ ಬಿಚ್ಚೋ ಮುಂಚೆ ಇದನ್ನ ನೋಡಿ

ಚಿಕ್ಕ ವಿಮಾನ ರಿಪೇರಿ ನನ್ ಕೆಲಸ. 2025ರ ಜೂನ್ 12ರ ಅಹಮದಾಬಾದ್ ವಿಮಾನ ದುರಂತ ಆದ್ಮೇಲೆ ಮದುವೆ ಮನೆಗೆ ಹೋದ್ರೂ ನನಗೆ ಇದೇ ಪ್ರಶ್ನೆ, "ಸಾರ್, ನಿಮ್ ಚಿಕ್ಕ ವಿಮಾನದಲ್ಲೂ ಆ ಫ್ಯೂಯಲ್ ಸ್ವಿಚ್ ಇರುತ್ತಾ?" ಎರಡೂ ಇಂಜಿನ್ ಸ್ವಿಚ್ಚು ಒಂದು ಸೆಕೆಂಡ್ ಅಂತರದಲ್ಲಿ ರನ್‌ನಿಂದ ಕಟಾಫ್‌ಗೆ, ಅಂದ್ರೆ ಇಂಧನ ನಿಲ್ಲಿಸೋ ಜಾಗಕ್ಕೆ ಹೋಯ್ತು ಅಂತ ಪ್ರಾಥಮಿಕ ತನಿಖಾ ವರದಿಲಿ ಬಂದಿತ್ತಲ್ಲ, ಅದು. ಇಲ್ಲ, ಆ ಥರದ್ದು ಇರಲ್ಲ. ಬೆಂಗಳೂರಿನ ಜಕ್ಕೂರು ವಿಮಾನ ನಿಲ್ದಾಣದ ಬೇಲಿ ಹೊರಗೆ ನಿಂತ್ರೆ ತಲೆ ಮೇಲೆ ಹಾರೋ ಸೆಸ್ನಾ 172 ಥರದ ವಿಮಾನದಲ್ಲಿ ಪೆಟ್ರೋಲ್ ನಿಲ್ಲಿಸೋದು ಕೈಯಿಂದ ತಿರುಗಿಸೋ, ಎಳೆಯೋ ವಾಲ್ವು, ಮನೆ ಓವರ್‌ಹೆಡ್ ಟ್ಯಾಂಕಿನ ಗೇಟ್‌ವಾಲ್ವ್ ಇದ್ದಂಗೆ. ಕರೆಂಟ್ ಸ್ವಿಚ್ ಇರೋದು ಪಂಪಿಗೆ. ಕಂಪ್ಲೇಂಟ್ ಬಂದಾಗ ಎಲ್ರೂ ಎರಡನ್ನೂ "ಫ್ಯೂಯಲ್ ಸ್ವಿಚ್" ಅಂತಲೇ ಹೇಳ್ತಾರೆ, ಹಾಗಾಗಿ ನಾನು ಮೊದಲು ಕೇಳೋದು "ಯಾವ್ದಪ್ಪ, ತಿರುಗ್ಸೋದಾ, ಒತ್ತೋದಾ?"

ಇಂಧನ ಹೋಗೋ ದಾರಿ ಗೊತ್ತಿದ್ರೆ ಅರ್ಧ ಕೆಲಸ ಮುಗೀತು. 172ಎಸ್ ಮಾಡೆಲ್ ತಗೊಳ್ಳಿ, ಎರಡು ರೆಕ್ಕೆ ಟ್ಯಾಂಕಿಂದ ಇಂಧನ ತಾನಾಗೇ ಕೆಳಗಿಳಿದು ಯಾವ ಟ್ಯಾಂಕ್ ಅಂತ ಆರಿಸೋ ಸೆಲೆಕ್ಟರ್ ವಾಲ್ವಿಗೆ ಬರುತ್ತೆ, ಅಲ್ಲಿಂದ ರಿಸರ್ವಾಯರ್ ಟ್ಯಾಂಕ್, ಆಮೇಲೆ ಕರೆಂಟಲ್ಲಿ ಓಡೋ ಆಕ್ಸಿಲಿಯರಿ ಪಂಪ್, ಪೂರ್ತಿ ಬಂದ್ ಮಾಡೋ ಶಟಾಫ್ ವಾಲ್ವ್, ಕಸ ಸೋಸೋ ಸ್ಟ್ರೇನರ್, ಕೊನೆಗೆ ಇಂಜಿನ್ ತಿರುಗೋದ್ರಿಂದಲೇ ಓಡೋ ಪಂಪು. ಹಳೇ ಕಾರ್ಬುರೇಟರ್ 172ಗಳಲ್ಲಿ ಸಾಮಾನ್ಯವಾಗಿ ಈ ಕರೆಂಟ್ ಪಂಪೇ ಇರಲ್ಲ, ಟ್ಯಾಂಕು ಮೇಲಿದೆ, ಇಂಧನ ಇಳಿಯುತ್ತೆ, ಅಷ್ಟೇ, ಸುಮ್ನೆ ಸ್ವಿಚ್ ಹುಡುಕ್ಬೇಡಿ. ಪೈಪರ್ ಆರ್ಚರ್ ಅನ್ನೋ ಇನ್ನೊಂದು ಚಿಕ್ಕ ವಿಮಾನದಲ್ಲಿ ರೆಕ್ಕೆ ಕೆಳಗಿರೋದ್ರಿಂದ ಪಂಪ್ ಬೇಕೇ ಬೇಕು, ಟೇಕಾಫು, ಲ್ಯಾಂಡಿಂಗು, ಟ್ಯಾಂಕ್ ಬದಲಾಯಿಸೋವಾಗ ಅದನ್ನ ಆನ್ ಮಾಡ್ತಾರೆ.

ಈಗ ಸ್ವಿಚ್ ಹಾಕಿದ್ರಿ, ಪಂಪ್ ಸದ್ದಿಲ್ಲ. ಕೈ ಹಾಕೋ ಮುಂಚೆ ವಿಮಾನನ ಹ್ಯಾಂಗರಿಂದ ಆಚೆ ತಳ್ಳಿ, ಇಂಜಿನ್ನಿಗೆ ಕಿಡಿ ಕೊಡೋ ಮ್ಯಾಗ್ನೆಟೊ ಆಫ್, ಕೀ ನಿಮ್ ಜೇಬಲ್ಲಿ, ಇಂಧನ-ಗಾಳಿ ಪ್ರಮಾಣ ಹೊಂದಿಸೋ ಮಿಕ್ಸ್ಚರ್ ಹಿಡಿ ಪೂರ್ತಿ ಹಿಂದೆ, ಪ್ರಾಪೆಲ್ಲರ್ ಹತ್ರ ಯಾರೂ ನಿಲ್ಲಬಾರದು, ಪಕ್ಕದಲ್ಲಿ ಬೆಂಕಿ ಆರಿಸೋ ಸಿಲಿಂಡರ್. ಪೆಟ್ರೋಲ್ ವಾಸನೆ ಬಂತು ಅಂದ್ರೆ ವಿಮಾನಕ್ಕೆಲ್ಲ ಕರೆಂಟ್ ಕೊಡೋ ಮಾಸ್ಟರ್ ಸ್ವಿಚ್ ಮುಟ್ಟಲೇ ಬೇಡಿ, ಮೊದಲು ಎಲ್ಲಿ ಸೋರ್ತಿದೆ ಅಂತ ಹುಡುಕಿ.

ಆಮೇಲೆ ಸರ್ಕ್ಯೂಟ್ ಬ್ರೇಕರ್. ಹಾರಿ ಹೊರಗೆ ಬಂದಿದ್ಯಾ? ತಣ್ಣಗಾಗೋಕೆ ಬಿಟ್ಟು ನೆಲದ ಮೇಲೆ ಒಂದೇ ಒಂದು ಸಲ ಒಳಗೆ ಒತ್ತಿ. ಮತ್ತೆ ಹಾರಿದ್ರೆ ಅಲ್ಲಿಗೆ ನಿಲ್ಲಿಸಿ, ವೈರ್ ಎಲ್ಲೋ ಉಜ್ಜಿ ವಿಮಾನದ ಮೈಗೆ ತಾಗ್ತಿದೆ ಅಥವಾ ಪಂಪ್ ಮೋಟರ್ ಜಾಮ್ ಆಗಿದೆ. ಹೆಬ್ಬೆರಳಲ್ಲಿ ಒತ್ತಿ ಹಿಡ್ಕೊಂಡು "ಈಗ ಓಡ್ತಿದೆ ಸಾರ್" ಅನ್ನೋರನ್ನ ನೋಡಿದೀನಿ, ಅವ್ರು ಕೂತಿರೋದು ಪೆಟ್ರೋಲ್ ಟ್ಯಾಂಕಿನ ಕೆಳಗೆ ಅನ್ನೋದು ಆಗ ನೆನಪೇ ಇರಲ್ಲ.

ಬ್ರೇಕರ್ ಸರಿ ಇದ್ರೆ ಮಲ್ಟಿಮೀಟರ್ ತೆಗೀರಿ. ಎಲ್ರೂ ತಪ್ಪು ಮಾಡೋ ಜಾಗ ಇದು. ಪಂಪಿನ ಕನೆಕ್ಟರ್ ಬಿಚ್ಚಿ, ಆ ತುದಿಲಿ ಅಳೀತಾರೆ, 24 ವೋಲ್ಟ್ ತೋರಿಸುತ್ತೆ, "ಕರೆಂಟ್ ಬರ್ತಿದೆ, ಪಂಪ್ ಹೋಗಿದೆ" ಅಂತ ತೀರ್ಪು. ಆದ್ರೆ ಮೀಟರಿಗೆ ಬೇಕಾಗಿರೋ ಕರೆಂಟ್ ಎಷ್ಟು ಹೇಳಿ, ಹೆಚ್ಚು ಕಮ್ಮಿ ಏನೂ ಇಲ್ಲ, ವೈರಲ್ಲಿ ಒಂದೇ ಎಳೆ ಉಳಿದಿದ್ರೂ 24 ತೋರಿಸುತ್ತೆ, ಪಂಪ್ ಎಳೆಯೋಕೆ ಶುರು ಮಾಡಿದ ತಕ್ಷಣ ಅದು ಬಿದ್ದೋಗುತ್ತೆ. ಅದಕ್ಕೆ ಎಲ್ಲ ಜೋಡಿಸಿ, ಸ್ವಿಚ್ ಆನಲ್ಲಿಟ್ಟು, ಲೋಡ್ ಇದ್ದಾಗಲೇ ಅಳೀಬೇಕು. ಒಂದು ಪ್ರೋಬ್ ಸ್ವಿಚ್ ಒಳಬರೋ ಟರ್ಮಿನಲ್ಲಿಗೆ, ಇನ್ನೊಂದು ಹೊರಹೋಗೋ ಟರ್ಮಿನಲ್ಲಿಗೆ. ಸೊನ್ನೆ ಹತ್ರ ಇದ್ರೆ ಸ್ವಿಚ್ ನಿರಪರಾಧಿ. ಒಂದೆರಡು ವೋಲ್ಟ್ ತೋರಿಸಿದ್ರೆ ಒಳಗಿನ ಕಾಂಟ್ಯಾಕ್ಟ್ ಸುಟ್ಟು ಕಪ್ಪಾಗಿದೆ, ಪೂರ್ತಿ 24 ತೋರಿಸಿದ್ರೆ ಅದು ಕೂಡ್ತಾನೇ ಇಲ್ಲ. ಆಮೇಲೆ ಪಂಪಿನ ಗ್ರೌಂಡ್ ವೈರಿಗೂ ವಿಮಾನದ ಬಾಡಿಗೂ ಮಧ್ಯೆ ಹೀಗೇ ಅಳೀರಿ, ಅಲ್ಲೂ ಸೊನ್ನೆ ಹತ್ರ ಬರ್ಬೇಕು.

ಈ ಕೊನೇ ಅಳತೆ ಬಿಟ್ಟಿದ್ದಕ್ಕೆ ನಾನೇ ಒಂದ್ಸಲ ಎರಡು ದಿನ ಕಳ್ಕೊಂಡಿದೀನಿ. ಮಳೆಗಾಲ, ಬೆಳಿಗ್ಗೆ ಪಂಪ್ ಓಡಲ್ಲ, ಮಧ್ಯಾಹ್ನ ಬಿಸಿಲು ಬಂದ್ರೆ ಓಡುತ್ತೆ, ನಾನು ಸ್ವಿಚ್ ಬದಲಾಯಿಸ್ದೆ, ಸರಿ ಹೋಯ್ತು ಅಂದ್ಕೊಂಡೆ, ಮಾರನೇ ದಿನ ಅದೇ ಕಥೆ. ಕೊನೆಗೆ ನಮ್ ಹೆಲ್ಪರ್ ಹುಡುಗ ಟಾರ್ಚ್ ಹಿಡ್ಕೊಂಡು ಮಲಗಿ ನೋಡಿ, "ಅಣ್ಣಾ, ಈ ಲಗ್ ಹಸಿರಾಗಿದೆ" ಅಂದ. ಗ್ರೌಂಡ್ ವೈರಿನ ತುದಿಲಿರೋ ಲೋಹದ ಬಳೆ, ಅಂದ್ರೆ ಲಗ್ ಕೆಳಗೆ ಪಾಚಿ ಕಟ್ಟಿದಂಗೆ ತುಕ್ಕು, ಬೆರಳಲ್ಲಿ ತಳ್ಳಿದ್ರೆ ಅಲ್ಲಾಡ್ತಿತ್ತು. ಬಿಚ್ಚಿ, ಉಜ್ಜಿ, ಹೊಸ ಲಗ್ ಕ್ರಿಂಪ್ ಮಾಡಿ ಬಿಗಿದ್ವಿ, ಗುಂಯ್ ಅಂತು.

ಸ್ವಿಚ್ಚೇ ಹೋಗಿದ್ರೆ ಪಾರ್ಟ್ಸ್ ಕ್ಯಾಟಲಾಗಲ್ಲಿರೋ ನಂಬರಿಂದೇ ಹಾಕ್ಬೇಕು, ಪೇಪರ್ ಸಮೇತ. ಬೆಂಗಳೂರಿನ ಎಸ್ಪಿ ರೋಡ್ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ನೋಡೋಕೆ ಅದೇ ಥರದ್ದು ಅಗ್ಗಕ್ಕೆ ಸಿಗುತ್ತೆ ನಿಜ, ಅದು ನಿಮ್ ಮನೆ ಮಿಕ್ಸಿಗೆ.

ಇನ್ನು ತಿರುಗ್ಸೋ ಸೆಲೆಕ್ಟರ್. 172ಎಸ್‌ನಲ್ಲಿ ಲೆಫ್ಟ್, ಬೋತ್ (ಎರಡೂ ಟ್ಯಾಂಕು), ರೈಟ್ ಅಂತ ಮೂರು ಜಾಗ, ಪೂರ್ತಿ ಬಂದ್ ಮಾಡೋಕೆ ಬೇರೆ ಎಳೆಯೋ ಕೆಂಪು ನಾಬ್ ಇದೆ. ಆರ್ಚರಲ್ಲಿ ಬೋತ್ ಇಲ್ಲ, ಅದೇ ಹಿಡಿಲಿ ಆಫೂ ಇದೆ. ಇಂಜಿನ್ ನಿಂತಿರೋವಾಗ ಒಂದೊಂದು ಜಾಗಕ್ಕೂ ತಿರುಗಿಸಿ, ಕೈಗೆ "ಟಕ್" ಅಂತ ಸಿಗ್ಬೇಕು, ಆ ಟಕ್ ಕಣ್ಣಿಗಿಂತ ಮುಖ್ಯ, ಯಾಕಂದ್ರೆ ಹಿಡಿಯ ಸ್ಕ್ರೂ ಸಡಿಲ ಆದ್ರೆ ಮುಳ್ಳು ಬೋತ್ ಮೇಲೇ ಇರುತ್ತೆ, ಒಳಗಿನ ವಾಲ್ವ್ ಅರ್ಧಕ್ಕೆ ನಿಂತಿರುತ್ತೆ. ಬಿಗಿಯಾಗಿದ್ರೆ ಪ್ಲೈಯರ್ ಹಾಕಿ ತಿರುವ್ಬೇಡಿ, ಕಂಡ ಕಂಡ ಎಣ್ಣೆನೂ ಬಿಡ್ಬೇಡಿ, ಒಳಗೆ ಸೋರದಂಗೆ ಹಿಡಿಯೋ ರಬ್ಬರ್ ಓ-ರಿಂಗ್ ಹಾಳಾಗುತ್ತೆ. ಇಂಜಿನ್ ಓಡಿಸಿ ಟೆಸ್ಟ್ ಮಾಡೋದಾದ್ರೆ ಒಂದೊಂದು ಟ್ಯಾಂಕಲ್ಲೂ ಕೆಲವು ನಿಮಿಷ ಓಡಿಸಿ, ಪೈಪಲ್ಲಿ ಉಳಿದಿರೋ ಪೆಟ್ರೋಲಲ್ಲೇ ಇಂಜಿನ್ ಸ್ವಲ್ಪ ಹೊತ್ತು ಓಡುತ್ತೆ, ಅರ್ಧ ನಿಮಿಷಕ್ಕೆ "ಓಕೆ" ಅಂದ್ರೆ ಏನೂ ಸಾಬೀತಾಗಲ್ಲ.

ಒಂದು ಟ್ಯಾಂಕ್ ಖಾಲಿ ಆಗ್ತಿದೆ ಇನ್ನೊಂದು ಹಂಗೇ ಇದೆ ಅಂತ ಬಂದ್ರೆ ಸೆಲೆಕ್ಟರಿಗೆ ಬೈಯೋ ಮುಂಚೆ ರೆಕ್ಕೆ ಕೆಳಗೆ ಬಗ್ಗಿ ನೋಡಿ. 172ರಲ್ಲಿ ಎಡ ರೆಕ್ಕೆ ಕೆಳಗೆ, ರೆಕ್ಕೆಗೆ ಆಸರೆ ಕೊಡೋ ಸ್ಟ್ರಟ್ ಕಂಬಿ ಹಿಂದೆ ಒಂದು ಚಿಕ್ಕ ಕೊಳವೆ ಬಗ್ಗಿರುತ್ತೆ, ಟ್ಯಾಂಕಿಗೆ ಗಾಳಿ ಹೋಗೋ ದಾರಿ ಅದು. ಒಂದು ವಾರ ವಿಮಾನ ನಿಂತಲ್ಲೇ ನಿಂತ್ರೆ ಕಣಜ ಬಂದು ಅದ್ರೊಳಗೆ ಮಣ್ಣಿನ ಗೂಡು ಕಟ್ಟುತ್ತೆ, ಗಾಳಿ ಹೋಗ್ದೆ ಇಂಧನ ಸರಿಯಾಗಿ ಇಳಿಯಲ್ಲ.

ಹಾರಾಟ ಕಲೀತಿರೋ ವಿದ್ಯಾರ್ಥಿಗಳೇ, ನಿಮ್ ಕೆಲಸ ಇಷ್ಟೇ: ವಿಮಾನದ ದಾಖಲೆ ಪುಸ್ತಕ, ಅದೇ ಟೆಕ್ ಲಾಗಲ್ಲಿ, ಸ್ನ್ಯಾಗ್ ಅಂದ್ರೆ ದೋಷ ಬರೀರಿ. ಸರಿಯಾಗಿ ಬರೀರಿ, "ಫ್ಯೂಯಲ್ ಪ್ರಾಬ್ಲಮ್" ಅಂತಲ್ಲ, ಯಾವ ಟ್ಯಾಂಕು, ಪಂಪ್ ಆನಾ ಆಫಾ, ಗೇಜ್ ಎಷ್ಟು ತೋರಿಸ್ತಿತ್ತು, ಇಂಜಿನ್ ಬಿಸಿನಾ ತಣ್ಣಗಾ. ರಿಪೇರಿ ಆದ್ಮೇಲೆ ಲೀಕ್ ಚೆಕ್, ಗ್ರೌಂಡ್ ರನ್, ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ಲೈಸೆನ್ಸ್ ಇರೋ ಇಂಜಿನಿಯರ್ ಸಹಿ, ಅಲ್ಲಿವರೆಗೆ ಕೀ ನನ್ನ ಡ್ರಾಯರಲ್ಲೇ ಇರುತ್ತೆ, ನೀವು ಕ್ಯಾಂಟೀನಲ್ಲಿ ಕಾಫಿ ಕುಡೀತಿರಿ.